ಮೂರನೇ ಫ್ಲಾಸ್ಕಿನಲ್ಲಿ ಸಮುದ್ರ

ಮೂಗಪ್ಪನವರು ಚಪ್ಪಲಿ ಮೆಟ್ಟಿಕೊಳ್ಳಲು ಬಗ್ಗಿದ್ದಾಗ ಬೆನ್ನ ಹಿಂದೆ ಪುಸ್ ಪುಸ್ ಎಂದು ಎರಡು ಸಲ ಸದ್ದಾಯಿತು. ಕತ್ತು ತಣ್ಣಗಾಯಿತು. ತಿರುಗಿ ನೋಡಿದರೆ ಹೆಂಡತಿ ನೀಲಿ ಬಾಟಲಿ ಹಿಡಿದು ನಿಂತಿದ್ದಳು.

"ಅಣ್ಣ ಕಳಿಸಿದ ಸೆಂಟು ರೀ. ಭಾರೀ ಕಂಪನಿದು. ಸಮುದ್ರದ ಥರಾ ಫ್ರೆಶ್ ಆಗಿರತ್ತಂತೆ. ಹೇಗಿದೆ?"

ಅವರು ಎದೆಯುಬ್ಬಿಸಿ ಉಸಿರೆಳೆದುಕೊಂಡರು. "ಆಹಾ! ಅಲೆ ಬಂದು ಮುಖಕ್ಕೆ ಬಡಿದ ಹಾಗಿದೆ ಕಣೇ."

"ಹೌದಾ?" ಎಂದಳು ಹೆಂಡತಿ. ಅವರನ್ನೇ ಒಂದು ಥರಾ ನೋಡಿ ಒಳಗೆ ಹೋದಳು.

ನಿಜ ಹೇಳಬೇಕೆಂದರೆ ಅವರಿಗೆ ಅಲೆಯೂ ಬಡಿದಿರಲಿಲ್ಲ, ಗಾಳಿಯೂ ಸೋಕಿರಲಿಲ್ಲ. ಮೂರು ವಾರದ ಹಿಂದೆ ಬಂದ ನೆಗಡಿ ಹೋಗುವಾಗ ವಾಸನೆಯನ್ನೂ ಕಟ್ಟಿಕೊಂಡು ಹೋಗಿತ್ತು. ಬೇರೆ ಯಾರಿಗಾದರೂ ಇದು ಸಣ್ಣ ತೊಂದರೆ. ಆದರೆ ಇವರು ಪಟ್ಟಣದ ನೀರು ಪರೀಕ್ಷಾಲಯದಲ್ಲಿ ವಾಸನೆ ವಿಭಾಗದ ಮುಖ್ಯಸ್ಥರು. ಹದಿನೆಂಟು ವರ್ಷ ನಲ್ಲಿ ನೀರನ್ನು ಮೂಸಿ, ಯಾವ ತೊಟ್ಟಿಯಲ್ಲಿ ಪಾಚಿ ಕಟ್ಟಿದೆ, ಯಾವ ಕೊಳವೆ ತುಕ್ಕು ಹಿಡಿದಿದೆ ಎಂದು ಹೇಳಿ 'ಮೂಗಪ್ಪನವರು' ಎಂಬ ಹೆಸರು ಪಡೆದಿದ್ದರು. ಆದರೂ ಇನ್ನೂ ಹಂಗಾಮಿ ಮುಖ್ಯಸ್ಥರೇ. ಅವರನ್ನು ಖಾಯಂ ಮಾಡಬೇಕೋ ಬೇಡವೋ ಎಂದು ನೋಡಲು ಹೊಸ ನಿರ್ದೇಶಕಿ ಅಂದೇ ಹತ್ತು ಗಂಟೆಗೆ ಬರುವವರಿದ್ದರು.

ಬಸ್ಸಿನಲ್ಲಿ ಕುಳಿತ ಮೇಲೆ ಅವರಿಗೆ ನೆನಪಾಯಿತು. ಪರೀಕ್ಷಾ ಕೋಣೆಯ ಬಾಗಿಲಿಗೆ ಅವರೇ ಕೆಂಪು ಶಾಯಿಯಲ್ಲಿ ಬರೆದು ಅಂಟಿಸಿದ್ದರು: 'ಸೆಂಟು, ತಲೆಗೆಣ್ಣೆ, ಹೂವು, ಪರಿಮಳದ ಸೋಪು ಒಳಗೆ ಕೂಡದು.' ಈಗ ತಾವೇ ಎರಡು ಪುಸ್ ಸಮುದ್ರವನ್ನು ಹೊತ್ತು ಹೊರಟಿದ್ದರು. ಕರವಸ್ತ್ರದಿಂದ ಕತ್ತು ಉಜ್ಜಿದರು. ಹೋಯಿತೋ ಇಲ್ಲವೋ ತಿಳಿಯಲು ಮೂಗಿಲ್ಲ. ಪಕ್ಕದವರನ್ನು ಮೂಸಿ ನೋಡಿ ಎನ್ನುವಂತೆಯೂ ಇಲ್ಲ.

ನಿರ್ದೇಶಕಿ ಸರಿಯಾದ ಸಮಯಕ್ಕೆ ಬಂದರು. ಗೌರವಕ್ಕೆಂದು ಬಾಗಿಲನ್ನು ಅಗಲವಾಗಿ ತೆರೆದಿಟ್ಟಿದ್ದರಿಂದ ಕೆಂಪು ಶಾಯಿಯ ಚೀಟಿ ಗೋಡೆಯ ಕಡೆ ಮುಖ ಮಾಡಿತ್ತು.

"ನಾನು ರಸ್ತೆ ಇಲಾಖೆಯಿಂದ ಬಂದೋಳು. ಡಾಂಬರು ಬಿಟ್ಟು ಬೇರೆ ವಾಸನೆ ಗೊತ್ತಿಲ್ಲ. ನೀವು ಶುರು ಮಾಡಿ, ನಾನು ಪಕ್ಕದಲ್ಲೇ ನಿಂತು ನೋಡ್ತೀನಿ," ಎಂದರು.

ಮೇಜಿನ ಮೇಲೆ ಐದು ಫ್ಲಾಸ್ಕುಗಳು. ನಾಲ್ಕರಲ್ಲಿ ನಾಲ್ಕು ಬಡಾವಣೆಗಳ ನಲ್ಲಿ ನೀರು. ಮೂರನೆಯದರಲ್ಲಿ ಏನೂ ವಾಸನೆಯಿಲ್ಲದ, ಶುದ್ಧ ಮಾಡಿದ ನೀರು. ಮೂಸುವವರು ಸುಳ್ಳು ಹೇಳುತ್ತಾರೋ ಎಂದು ತಿಳಿಯಲು ಅದನ್ನು ನಡುವೆ ಸೇರಿಸುವುದು ಪದ್ಧತಿ. ಅದು ಯಾವುದೆಂದು ಮೂಗಪ್ಪನವರಿಗೆ ಮಾತ್ರ ಗೊತ್ತು. ಟೈಪಿಸ್ಟಮ್ಮ, ಸ್ಟೋರಿನವರು ಮತ್ತು ಜೀಪಿನ ಡ್ರೈವರ್ ಒಬ್ಬೊಬ್ಬರಾಗಿ ಮೂಸಿ ಕಾರ್ಡಿನಲ್ಲಿ ಬರೆಯಬೇಕು. ಕೊನೆಗೆ ಮುಖ್ಯಸ್ಥರು ಮೂಸಿ ತೀರ್ಮಾನಿಸಬೇಕು. ಮೂರು ವಾರದಿಂದ ಅವರು ಮೂವರ ಕಾರ್ಡುಗಳನ್ನೂ ನೋಡಿ, ನಡುಮಧ್ಯದ್ದೊಂದನ್ನು ತಮ್ಮದೆಂದು ಬರೆಯುತ್ತಿದ್ದರು.

ನಿರ್ದೇಶಕಿ ಕುತೂಹಲದಿಂದ ಒಂದೊಂದೇ ಫ್ಲಾಸ್ಕಿನ ಮೇಲೆ ಬಗ್ಗಿ ನೋಡುತ್ತಿದ್ದರು. ಮೂಗಪ್ಪನವರು ನೆರಳಿನಂತೆ ಅವರ ಹಿಂದೆ. ಮೂಸುವ ಮೂವರ ಮೂಗೂ ಒಟ್ಟಿಗೆ ಮೇಲೆದ್ದವು. ಟೈಪಿಸ್ಟಮ್ಮ ಸ್ಟೋರಿನವರನ್ನು ತಿವಿದರು. ಸ್ಟೋರಿನವರು ಡ್ರೈವರನ ಕಾಲು ತುಳಿದರು. ಮೂವರೂ ಇತ್ತ ನೋಡಿ ತಕ್ಷಣ ತಲೆ ತಗ್ಗಿಸಿದರು.

'ಕೆಟ್ಟೆ! ಗೊತ್ತಾಗಿಹೋಯಿತು,' ಎಂದುಕೊಂಡರು ಮೂಗಪ್ಪನವರು.

ಮೂರನೇ ಫ್ಲಾಸ್ಕಿನ ಕಾರ್ಡುಗಳು ಬಂದವು. ನಿರ್ದೇಶಕಿಯೇ ಗಟ್ಟಿಯಾಗಿ ಓದಿದರು. ಟೈಪಿಸ್ಟಮ್ಮ: 'ಈಗಷ್ಟೇ ಹೆಚ್ಚಿದ ಸೌತೆಕಾಯಿ. ಬಹಳ ಹಿತವಾಗಿದೆ.' ಸ್ಟೋರಿನವರು: 'ಕಲ್ಲಂಗಡಿ. ಕೆಂಪು ಭಾಗವಲ್ಲ, ಸಿಪ್ಪೆಯ ಹತ್ತಿರದ ಬಿಳಿ ಭಾಗ. ದೊಡ್ಡವರಿಗೆ ಒಪ್ಪುವಂಥದ್ದು.' ಡ್ರೈವರ್: 'ಮೀನಿನ ತೊಟ್ಟಿ. ಮೀನು ಸತ್ತಿಲ್ಲ, ಆದರೆ ಅದಕ್ಕೆ ಬೇಜಾರಾಗಿದೆ.'

"ನೀರಲ್ಲಿ ಇಷ್ಟೆಲ್ಲಾ ಇರತ್ತಾ?" ನಿರ್ದೇಶಕಿ ಹುಬ್ಬೇರಿಸಿದರು.

"ಒಂದ್ನಿಮಿಷ ಮೇಡಂ!" ಎಂದವರೇ ಮೂಗಪ್ಪನವರು ತೊಳೆಯುವ ಕೋಣೆಗೆ ಓಡಿದರು. ಗಾಜು ತೊಳೆಯುವ ಪುಡಿ ಹಾಕಿ ಕತ್ತನ್ನು ತಿಕ್ಕಿದ ರಭಸಕ್ಕೆ ಅದು ಹಣ್ಣು ಟೊಮೇಟೊ ಆಯಿತು. ಅಂಗಿ ಕಳಚಿ ಬೀರುವಿಗೆ ತುರುಕಿ, ಬರೀ ಬನಿಯನ್ನಿನ ಮೇಲೆ ಬಿಳಿ ಕೋಟು ತೊಟ್ಟು, ಗಂಟಲವರೆಗೂ ಗುಂಡಿ ಹಾಕಿಕೊಂಡು ಬಂದರು. ಮತ್ತೆ ಪರೀಕ್ಷೆ. ಐದೂ ಫ್ಲಾಸ್ಕಿಗೆ ಮತ್ತೆ ಸೌತೆಕಾಯಿ, ಮತ್ತೆ ಕಲ್ಲಂಗಡಿ.

"ನಾನು ಹೊರಗಡೆ ನಿಂತ್ಕೋತೀನಿ, ನೀವು ಮಾಡಿ," ಎಂದು ಮೂಗಪ್ಪನವರು ಅಂಗಳಕ್ಕೆ ಹೋಗಿ, ಕಿಟಕಿಯ ಸರಳು ಹಿಡಿದು ನಿಂತು ಅಲ್ಲಿಂದಲೇ ಸೂಚನೆ ಕೊಟ್ಟರು.

"ಯಾಕ್ರೀ, ಒಳಗೆ ಬರಬಾರದಾ?"

"ಇದು ದೂರದಿಂದ ನೋಡೋ ಪದ್ಧತಿ ಮೇಡಂ. ಹೊಸದು."

ಮೂರನೇ ಸಲವೂ ಡ್ರೈವರನ ಮೀನಿಗೆ ಬೇಜಾರು ಕಳೆದಿರಲಿಲ್ಲ.

ನಿರ್ದೇಶಕಿ ಫೋನು ತೆಗೆದರು. "ಐದಕ್ಕೆ ಐದೂ ಹೀಗೇ ಅಂದ್ರೆ ನೀರು ಕೆಟ್ಟಿದೆ ಅಂತಲೇ ಅರ್ಥ. ಈಗಲೇ ದೊಡ್ಡ ವಾಲ್ವ್ ಮುಚ್ಚಿಸ್ತೀನಿ."

ಇಪ್ಪತ್ತು ಸಾವಿರ ಮನೆಗಳ ನಲ್ಲಿಗಳು ಮೂಗಪ್ಪನವರ ಕಣ್ಣ ಮುಂದೆ ಒಮ್ಮೆಲೇ ಒಣಗಿದವು. ನೀರಿಗೆ ಏನೂ ಆಗಿಲ್ಲವೆಂದು ಮೂರನೇ ಫ್ಲಾಸ್ಕು ಹೇಳುತ್ತಿತ್ತು. ಅದನ್ನು ಕೇಳಿಸಿಕೊಳ್ಳಬಲ್ಲವರು ಅವರೊಬ್ಬರೇ. ಒಳಗೆ ಓಡಿ ಬಂದರು.

"ಬೇಡಿ ಮೇಡಂ! ನೀರು ಸರಿಯಾಗಿದೆ. ತಪ್ಪು ನಂದು. ಸೆಂಟು ಹಾಕ್ಕೊಂಡು ಬಂದಿದ್ದೀನಿ. ಇವರೆಲ್ಲಾ ಮೂಸ್ತಿರೋದು ನನ್ನನ್ನೇ!"

ಟೈಪಿಸ್ಟಮ್ಮ ಮೂಗಿನ ಮೇಲೆ ಬೆರಳಿಟ್ಟರು. ಆಮೇಲೆ ನೆಲ ನೋಡುತ್ತಾ, "ಮೇಡಂ, ಬೇಜಾರು ಮಾಡ್ಕೋಬೇಡಿ. ಆ ಪರಿಮಳ ಸಾರ್‌ದಲ್ಲ. ನಿಮ್ಮದು," ಎಂದರು.

"ನಂದಾ?" ನಿರ್ದೇಶಕಿ ತಮ್ಮ ಮಣಿಕಟ್ಟು ಮೂಸಿಕೊಂಡರು. "ಅಯ್ಯೋ, ಹೌದು! ಹೊಸ ಸೆಂಟು, ಸಮುದ್ರದ ಥರಾ ಇರತ್ತಂತೆ, ಇವತ್ತೇ ಹಾಕ್ಕೊಂಡೆ. ಮೊದಲೇ ಹೇಳಬಾರದಿತ್ತೇನ್ರಿ?"

"ನಿಮಗೆ ಹೇಗೆ ಹೇಳೋದು ಅಂತ... ಹೇಗಿದೆ ಅಂತ ಕಾರ್ಡಲ್ಲಿ ಬರೆದೇ ಇದ್ದೀವಲ್ಲ ಮೇಡಂ," ಎಂದು ಸ್ಟೋರಿನವರು ಹಲ್ಲು ಬಿಟ್ಟರು. ಡ್ರೈವರ್ ಮೆಲ್ಲಗೆ ತನ್ನ ಕಾರ್ಡುಗಳನ್ನು ಎತ್ತಿ ಜೇಬಿಗಿಳಿಸಿದ.

ನಿರ್ದೇಶಕಿ ಮೂಗಪ್ಪನವರ ಕಡೆ ತಿರುಗಿದರು. ಹತ್ತಿರ ಬಂದು ಒಮ್ಮೆ ಮೂಸಿದರು. "ನಿಮ್ಮ ಮೈಮೇಲೆ ಏನೂ ಇಲ್ಲವಲ್ರೀ?"

"ಇದೆ ಮೇಡಂ! ಬೇಕಾದ್ರೆ ನಮ್ಮನೆಯವಳನ್ನೇ ಕೇಳಿ." ಹುಮ್ಮಸ್ಸಿನಲ್ಲಿ ಫೋನು ಮಾಡಿ ಸ್ಪೀಕರ್ ಒತ್ತಿದರು. "ಲೇ, ಬೆಳಿಗ್ಗೆ ನನಗೆ ಸೆಂಟು ಹೊಡೆದೆ ತಾನೇ?"

"ಎಲ್ಲಿಯ ಸೆಂಟು? ಅದು ಹಳೇ ಖಾಲಿ ಬಾಟಲಿ. ನಲ್ಲಿ ನೀರು ತುಂಬಿಸಿದ್ದೆ." ಹೆಂಡತಿಯ ದನಿ ಐದು ಫ್ಲಾಸ್ಕುಗಳಿಗೂ ಕೇಳಿಸುವಂತಿತ್ತು. "ಮೂರು ವಾರದಿಂದ ಹಾಲು ಸೀದ್ರೂ ಘಮಘಮ ಅಂತೀರಿ. ಮೂಗು ಇದೆಯೋ ಹೋಯ್ತೋ ನೋಡೋಣ ಅಂತ ಪರೀಕ್ಷೆ ಮಾಡ್ದೆ. ಅಲೆ ಬಂದು ಬಡಿದ ಹಾಗಿದೆ ಅಂದ್ರಲ್ಲ! ನಿಮ್ಮ ಆಫೀಸಿನ ಉಪಾಯವೇ ರೀ, ನೀವೇ ಹೇಳಿದ್ದು. ಆದ್ರೆ ಅಲ್ಲಿ ಬಾಯಿಬಿಡಬೇಡಿ ಮತ್ತೆ, ಇವತ್ತು ಹೊಸ ಮೇಡಂ ಬರ್ತಾರಲ್ಲ."

ಫೋನು ಕಟ್ಟಾಯಿತು. ಮೂಗಪ್ಪನವರು ಐದು ಫ್ಲಾಸ್ಕುಗಳ ಪಕ್ಕದಲ್ಲಿ ಆರನೆಯದರಂತೆ ನಿಂತರು.

ನಿರ್ದೇಶಕಿ ತಮ್ಮ ಫೋನನ್ನು ಒಳಗಿಟ್ಟರು. "ನಿಮ್ಮ ಕೆಲಸ ಹೋದ್ರೂ ಸರಿ, ಊರಿನ ನೀರು ನಿಲ್ಲಬಾರದು ಅಂದ್ರಿ. ಅದನ್ನ ನಾನು ಮರೆಯಲ್ಲ. ಆದ್ರೆ ಮೂಗಿಲ್ಲದೋರನ್ನ ಈ ಕುರ್ಚಿಲಿ ಕೂರಿಸೋಕಾಗಲ್ಲ." ಅವರ ಮುಖ ಇದ್ದಕ್ಕಿದ್ದಂತೆ ಅರಳಿತು. "ಕೊಳಚೆ ನೀರು ಶುದ್ಧ ಮಾಡೋ ಘಟಕದಲ್ಲಿ ಮುಖ್ಯಸ್ಥರ ಜಾಗ ಖಾಲಿ ಇದೆ. ವಾಸನೆ ತಡೀದೆ ಒಬ್ಬರೂ ತಿಂಗಳು ನಿಲ್ಲಲ್ಲ. ನಿಮಗೇ ಅಂತ ಮಾಡಿಟ್ಟ ಹಾಗಿದೆ. ಖಾಯಂ ಹುದ್ದೆ. ಐದು ವರ್ಷ ವರ್ಗ ಕೇಳೋ ಹಾಗಿಲ್ಲ, ಅಷ್ಟೇ."

ಖಾಯಂ! ಮೂಗಪ್ಪನವರು ಟೈಪಿಸ್ಟಮ್ಮನ ಯಂತ್ರದ ಬಿಸಿ ಆರುವ ಮೊದಲೇ ಆದೇಶಕ್ಕೆ ಸಹಿ ಹಾಕಿ ಒಪ್ಪಿಕೊಂಡರು. ಮನೆಗೆ ಬರುವಾಗ ಬಸ್ಸಿನಲ್ಲಿ ಎರಡು ಸಲ ತಮ್ಮಷ್ಟಕ್ಕೆ ನಕ್ಕರು. ಮೂಗು ಹೋದದ್ದೇ ಒಳ್ಳೆಯದಾಯಿತು!

ಸಂಜೆ ಹೆಂಡತಿಗೆ ಖುಷಿಯೋ ಖುಷಿ. "ಅಣ್ಣ ಕಳಿಸಿದ ನಿಜವಾದ ಬಾಟಲಿ ಇವತ್ತೇ ಒಡೀತೀನಿ," ಎಂದು ಓಡಿಹೋಗಿ ತಂದು, ಅವರ ಮುಖದ ಮುಂದೆಯೇ ಪುಸ್ ಎನ್ನಿಸಿದಳು.

ಮೂಗಪ್ಪನವರು ಸೀನಿದರು. ಒಂದಲ್ಲ, ಎರಡಲ್ಲ, ಏಳು. ಏಳನೆಯದಕ್ಕೆ ತಲೆಯೊಳಗೆ ಎಲ್ಲೋ ಒಂದು ಬಿರಡೆ ಟಪ್ಪೆಂದು ಹಾರಿತು. ಮೊದಲು ಸೌತೆಕಾಯಿ ಬಂತು. ಹಿಂದೆಯೇ ಕಲ್ಲಂಗಡಿ, ಸಿಪ್ಪೆಯ ಹತ್ತಿರದ್ದು. ಆಮೇಲೆ ಉಪ್ಪು ಗಾಳಿ. ಅಡುಗೆಮನೆಯಲ್ಲಿ ಸೀಯುತ್ತಿದ್ದ ಹಾಲೂ ಬಂತು. ಜೇಬಿನಲ್ಲಿ ಕೊಳಚೆ ಘಟಕದ ಐದು ವರ್ಷದ ಆದೇಶ ಸರಸರ ಎಂದಿತು. ಅವರ ಕಣ್ಣಿನಿಂದ ಎರಡು ಹನಿ ಉರುಳಿದವು.

"ಅಷ್ಟು ಚೆನ್ನಾಗಿದೆಯಾ? ಈ ಸಲ ನಿಜ ಹೇಳಿ ನೋಡೋಣ, ಹೇಗಿದೆ?" ಎಂದಳು ಹೆಂಡತಿ.

ಮೂಗಪ್ಪನವರು ಕಣ್ಣೊರೆಸಿಕೊಂಡರು.

"ಡ್ರೈವರ್ ಬರೆದದ್ದೇ ಸರಿ ಕಣೇ. ಮೀನಿಗೆ ತುಂಬಾ ಬೇಜಾರಾಗಿದೆ."