ಅಕ್ಕನ ಮಗಳು ಒಲ್ಲೆ ಎಂದ ಪುಸ್ತಕಗಳು

ಇಲ್ಲಿ ಬರೆದಿರುವ ಒಂದೊಂದು ಮಾತೂ ನಿಜ. ಸುಳ್ಳಾಗಿದ್ದರೆ ನಾಳೆ ಬೆಳಿಗ್ಗೆ ನನ್ನ ಕಾಫಿಗೆ ಇಟ್ಟ ಹಾಲು ಒಡೆದುಹೋಗಲಿ. ಇದಕ್ಕಿಂತ ದೊಡ್ಡ ಆಣೆ ನಮ್ಮ ವಂಶದಲ್ಲಿ ಯಾರೂ ಇಟ್ಟಿಲ್ಲ. ಮಕ್ಕಳಿಗೆ ‘ಈ ಪುಸ್ತಕ ಓದು’ ಅಂತ ಹೇಳುವ ಕೆಲಸಕ್ಕೆ ಕೈ ಹಾಕಿದವನಿಗೆ ಇಂಥವು ಆಗುತ್ತಲೇ ಇರುತ್ತವೆ, ತಪ್ಪಿಸಿಕೊಳ್ಳುವ ಹಾಗೇ ಇಲ್ಲ.

ತೊಂಬತ್ತರ ದಶಕದಲ್ಲಿ ಚಾಮರಾಜಪೇಟೆಯ ನಮ್ಮ ಮನೆಯ ಮುಂದಿನ ಕೋಣೆಯಲ್ಲಿ ನಾನೊಂದು ಸರ್ಕ್ಯುಲೇಟಿಂಗ್ ಲೈಬ್ರರಿ ನಡೆಸುತ್ತಿದ್ದೆ. ಅಮ್ಮಂದಿರಿಗೆ ಕಾದಂಬರಿ, ಅಪ್ಪಂದಿರಿಗೆ ಪತ್ತೇದಾರಿ, ಎಲ್ಲರಿಗೂ ವಾರಪತ್ರಿಕೆ. ಆದರೆ ನನ್ನ ಹೆಮ್ಮೆಯೆಲ್ಲ ಕಿಟಕಿ ಪಕ್ಕದ ಒಂದು ಬೀರುವಿನಲ್ಲಿತ್ತು. ಅದರ ತುಂಬ ಮಕ್ಕಳ ಚಿತ್ರದ ಪುಸ್ತಕಗಳು. ಮಾತಾಡುವ ಮೊಲ, ಅಳುವ ರಾಜಕುಮಾರಿ, ಇವರಿಗೆಲ್ಲ ಅಲ್ಲಿ ಜಾಗವಿಲ್ಲ. ಜ್ವಾಲಾಮುಖಿ, ಜೇನುಗೂಡು, ಗ್ರಹಗಳು, ಸೇತುವೆ ಕಟ್ಟುವ ಬಗೆ. ಲೋಕದಲ್ಲಿ ಇರುವುದು ಇರುವ ಹಾಗೆ, ಪುಟದ ತುಂಬ ಬಣ್ಣದಲ್ಲಿ.

ಯಾವ ಮಗುವಿಗೆ ಯಾವ ಪುಸ್ತಕ ಅಂತ ಹೇಳುವುದರಲ್ಲಿ ನನ್ನನ್ನು ಮೀರಿಸುವವರು ಅಕ್ಕಿಪೇಟೆಯಿಂದ ಬಸವನಗುಡಿಯವರೆಗೆ ಯಾರೂ ಇರಲಿಲ್ಲ. ಡಾಕ್ಟರು ನಾಲಿಗೆ ನೋಡುತ್ತಾರೆ, ನಾನು ಮಂಡಿ ನೋಡುತ್ತಿದ್ದೆ. ಮಂಡಿ ತರಚಿದ್ದರೆ ಪರ್ವತದ ಪುಸ್ತಕ. ಮಣ್ಣು ಮೆತ್ತಿದ್ದರೆ ಇರುವೆ. ತೊಳೆದು ಒರೆಸಿಟ್ಟ ಹಾಗಿದ್ದರೆ, ಪಾಪ, ಆ ಮಗುವಿಗೆ ಕೂಡಲೇ ಕಾಡುಪ್ರಾಣಿ.

ಇಡೀ ಪೇಟೆಯಲ್ಲಿ ನನ್ನ ಮಾತು ಕೇಳದವಳು ಒಬ್ಬಳೇ, ನನ್ನ ಅಕ್ಕನ ಮಗಳು. ಎರಡನೇ ಕ್ಲಾಸು. ಅಕ್ಕ ಆಫೀಸಿನಿಂದ ಬರುವವರೆಗೆ ನನ್ನ ಲೈಬ್ರರಿಯ ಸ್ಟೂಲಿನ ಮೇಲೆ ಕಾಲಾಡಿಸಿಕೊಂಡು ಕೂತಿರುತ್ತಿದ್ದಳು. ನಾನು ಯಾವ ಪುಸ್ತಕ ತೆಗೆದು ಎಷ್ಟು ಹೊಗಳಿದರೂ ಬಾಯಿ ತೆರೆದುಕೊಂಡು ಕೊನೆತನಕ ಕೇಳುವಳು. ಆಮೇಲೆ, “ಬೇಡ ಮಾವ.” ಅವಳು ನನ್ನ ಕೈಯಿಂದ ಒಂದೇ ಒಂದು ಪುಸ್ತಕ ತೊಗೊಂಡು ಹೋಗಬೇಕು ಅನ್ನುವುದೇ ಆಗ ನನಗಿದ್ದ ಆಸೆ. ಹೆಂಡತಿ ಕೇಳಿದರೆ ಬೇಜಾರು ಮಾಡಿಕೊಂಡಾಳು, ಆದರೂ ಬೇರೆ ಆಸೆ ಇರಲಿಲ್ಲ.

ಲಾವಾ

ಹಿಂದಿನ ರಸ್ತೆಯ ಒಬ್ಬ ಹುಡುಗನಿಗೆ ಜ್ವಾಲಾಮುಖಿಯ ಪುಸ್ತಕ ಕೊಟ್ಟೆ. ಎರಡು ದಿನಕ್ಕೆ ಅವನಮ್ಮ ಪುಸ್ತಕ ವಾಪಸ್ಸು ಹಿಡಿದು ಬಂದರು. ಹಾಲು ನೋಡ್ಕೋ ಅಂತ ಮಗನನ್ನು ಒಲೆ ಮುಂದೆ ನಿಲ್ಲಿಸಿ ಬಟ್ಟೆ ಒಣಹಾಕಲು ಮಹಡಿಗೆ ಹೋಗಿದ್ದರಂತೆ. ಬಂದು ನೋಡಿದರೆ ಹಾಲು ಉಕ್ಕಿ, ಕಟ್ಟೆ ದಾಟಿ, ನೆಲಕ್ಕಿಳಿಯುತ್ತಿದೆ. ಮಗರಾಯ ಬಾಗಿಲ ಹತ್ತಿರ ಕೈಕಟ್ಟಿ ನಿಂತಿದ್ದಾನೆ. ಯಾಕೋ ಒಲೆ ಆರಿಸಲಿಲ್ಲ ಅಂದರೆ, ಲಾವಾ ಹರಿಯುವಾಗ ಯಾರೂ ಹತ್ತಿರ ಹೋಗಬಾರದು, ಪುಸ್ತಕದಲ್ಲಿ ಬರೆದಿದೆ ಅಂದನಂತೆ.

ಇನ್ನು ಮೇಲೆ ತಣ್ಣಗಿರುವಂಥದ್ದು ಏನಾದರೂ ಕೊಡಿ ಅಂತ ಆ ತಾಯಿ ಕೇಳಿಕೊಂಡರು. ನಾನು ಪೆಂಗ್ವಿನ್ ಪುಸ್ತಕ ಕೊಟ್ಟೆ. ಮುಂದಿನ ವಾರ ಅಪ್ಪ ಬಂದರು. ಹುಡುಗ ಬೆಳಿಗ್ಗೆಯಿಂದ ಮಂಕಿ ಕ್ಯಾಪ್ ಹಾಕಿಕೊಂಡು ಫ್ರಿಜ್ಜಿನ ಬಾಗಿಲು ತೆಗೆದು, ಪಾದದ ಮೇಲೊಂದು ಆಲೂಗಡ್ಡೆ ಇಟ್ಟುಕೊಂಡು ನಿಂತಿದ್ದಾನಂತೆ. ಗಂಡು ಪೆಂಗ್ವಿನ್ನು ಮೊಟ್ಟೆ ಕಾಯುವುದು ಹೀಗೇ, ಅಲ್ಲಾಡಿದರೆ ಮರಿ ಸತ್ತುಹೋಗುತ್ತೆ, ಅದಕ್ಕೇ ಸ್ಕೂಲಿಗೆ ಹೋಗುವ ಹಾಗಿಲ್ಲ.

ಬೈದು ಕಳಿಸಬೇಕಿತ್ತು ಸಾರ್ ಅಂದೆ.

“ಎಲ್ಲಿ ಬೈಯೋದು? ಆಫೀಸಿಗೆ ಹೊರಟಿದ್ದ ನನ್ನನ್ನೂ ನಿಲ್ಲಿಸಿದ. ನಂದೂ ಒಂದು ಆಲೂಗಡ್ಡೆ.”

ಸ್ಟೂಲಿನ ಮೇಲಿದ್ದವಳು ನಕ್ಕು ನಕ್ಕು ಕೆಳಗೆ ಬೀಳುವುದೊಂದು ಬಾಕಿ. ಕಬ್ಬಿಣ ಕಾದಿದೆ ಅಂದುಕೊಂಡು ಥಟ್ಟನೆ ಪೆಂಗ್ವಿನ್ ಪುಸ್ತಕ ಅವಳ ಮುಂದೆ ಹಿಡಿದೆ.

“ಬೇಡ ಮಾವ.”

ರಾಹು, ಕೇತು

ಮೊಮ್ಮಗನಿಗೆ ಅಂತ ಗ್ರಹಗಳ ಪುಸ್ತಕ ತೊಗೊಂಡು ಹೋಗಿದ್ದ ಒಬ್ಬ ತಾತ ಮಾರನೇ ದಿನವೇ ಬಂದರು. ನಮ್ಮ ಬೀದಿಯಲ್ಲಿ ಯಾರ ಮನೆ ಜಾತಕವಾದರೂ ಅವರ ಕಣ್ಣಿಗೆ ಬೀಳದೆ ಮದುವೆ ಮುಂದಕ್ಕೆ ಹೋಗುತ್ತಿರಲಿಲ್ಲ. ಪುಸ್ತಕದಲ್ಲಿ ಹಾಳೆ ಹರಿದಿದೆ, ಹುಷಾರಾಗಿ ನೋಡಿ ಕೊಡಬೇಕಪ್ಪ ಅಂತ ನನಗೇ ಬುದ್ಧಿ ಹೇಳಿದರು. ನಾನು ತಿರುವಿ ನೋಡಿದೆ, ಎಲ್ಲ ಸರಿಯಾಗಿತ್ತು.

“ಗ್ರಹ ಒಂಬತ್ತು ಅಂತ ಮೇಲೆ ಹಾಕಿದಾರೆ, ಒಪ್ಪಿದೆ,” ಅಂದರು ತಾತ. “ರಾಹು, ಕೇತು ಇರೋ ಹಾಳೆ ಎಲ್ಲಿ?”

ಅವು ಇದರಲ್ಲಿ ಬರುವುದಿಲ್ಲ ಅಂದರೆ ಕೇಳಲೊಲ್ಲರು. ಕೊನೆಯ ಪುಟದಲ್ಲಿ ಕಡಲೆಕಾಳಿನಷ್ಟಿದ್ದ ಪ್ಲೂಟೊ ಮೇಲೆ ಬೆರಳಿಟ್ಟು ಇದು ಯಾವುದು ಅಂತ ವಿಚಾರಿಸಿದರು. ಹೇಳಿದೆ. ಇದನ್ನು ಯಾರ ಕುಂಡಲಿಯಲ್ಲೂ ನೋಡಿಲ್ಲ, ಇದು ಬಹಳ ದಿನ ನಿಲ್ಲುವ ಗಿರಾಕಿಯಲ್ಲ ಅಂತ ಹೇಳಿ ಹೊರಟುಹೋದರು.

ಎಷ್ಟೋ ವರ್ಷದ ಮೇಲೆ, ಪ್ಲೂಟೊ ಇನ್ನು ಗ್ರಹವಲ್ಲ ಅಂತ ಪೇಪರಿನಲ್ಲಿ ಬಂತು. ಅವತ್ತು ಸಂಜೆ ತಾತ ಕೋಲೂರಿಕೊಂಡು ಬಂದು ಬಾಗಿಲಲ್ಲೇ ನಿಂತರು. ಒಳಗೂ ಬರಲಿಲ್ಲ. “ನಿಮ್ಮ ಒಂಬತ್ತರಲ್ಲಿ ಒಂದು ಹೋಯ್ತಂತೆ. ನಮ್ಮದು ಪೂರ್ತಿ ಇದೆ.”

ಆ ಹೊತ್ತಿಗೆ ಸ್ಟೂಲು ಖಾಲಿಯಾಗಿ ಬಹಳ ಕಾಲವಾಗಿತ್ತು. ಇಂಥಾ ನಗುವನ್ನು ನಾನೊಬ್ಬನೇ ನಗಬೇಕಾಯಿತು. ಒಬ್ಬನೇ ನಕ್ಕರೆ ಅರ್ಧಕ್ಕೇ ಮುಗಿದುಹೋಗುತ್ತೆ, ನೋಡಿ ಬೇಕಾದರೆ.

ಪಟ್ಟದ ಗೊಂಬೆ

ಮತ್ತೆ ಹಿಂದಕ್ಕೆ ಹೋಗೋಣ. ಒಂದು ದಸರಾ. ಎದುರು ಮನೆಯ ಹುಡುಗಿಗೆ ನಾನು ಜೇನುಗೂಡಿನ ಪುಸ್ತಕ ಕೊಟ್ಟಿದ್ದೆ. ಆ ಮನೆಯಲ್ಲಿ ಗೊಂಬೆ ಕೂರಿಸುವ ಕೆಲಸ ಆ ವರ್ಷ ಅವಳ ಪಾಲಿಗೆ ಬಂತು. ಸಂಜೆ ಅರಿಶಿನ ಕುಂಕುಮಕ್ಕೆ ಬಂದ ಹೆಂಗಸರು ನೋಡುತ್ತಾರೆ, ಮೇಲಿನ ಮೆಟ್ಟಿಲಲ್ಲಿ ಪಟ್ಟದ ರಾಣಿ ಒಬ್ಬಳೇ ವಿರಾಜಮಾನಳಾಗಿದ್ದಾಳೆ. ಪಟ್ಟದ ರಾಜ ಎಲ್ಲೂ ಇಲ್ಲ. ಹುಡುಕಿದರೆ, ಎಲ್ಲಕ್ಕಿಂತ ಕೆಳಗಿನ ಮೆಟ್ಟಿಲಲ್ಲಿ ಶೆಟ್ಟರ ಗೊಂಬೆಯ ಅಂಗಡಿ ಮುಂದೆ, ಬೆಲ್ಲ ಕೊಳ್ಳಲು ಬಂದವನ ಹಾಗೆ ನಿಂತಿದ್ದಾನೆ.

ಜೇನುಗೂಡಿನಲ್ಲಿ ರಾಜನೇ ಇರಲ್ಲ, ರಾಣಿ ಮಾತ್ರ, ಗಂಡು ಜೇನಿಗೆ ಕೆಲಸವೂ ಇಲ್ಲ ಅಂತ ಹುಡುಗಿ ಎಲ್ಲರಿಗೂ ವಿವರಿಸಿದಳು. ಬಂದ ಹೆಂಗಸರು ಪುಸ್ತಕ ಎಲ್ಲಿ ಸಿಗುತ್ತೆ ಅಂತ ಕೇಳಿಕೊಂಡು ಹೋದರು. ಅವಳಜ್ಜಿ, ಗೊಂಬೆ ಎತ್ತುವವರೆಗೆ ಹಾಗೇ ಇರಲಿ, ಯಾರೂ ಮುಟ್ಟಬೇಡಿ ಅಂದುಬಿಟ್ಟರು. ಅಜ್ಜ ಮಾತ್ರ ನನ್ನಲ್ಲಿಗೆ ದೂರು ತಂದರು. ಹುಳದ ಪುಸ್ತಕ ಸಾಕು, ಮುಂದಿನ ಸಲ ಗಂಡಸುತನ ಇರುವ ಪ್ರಾಣಿ ಕೊಡಿ ಅಂತ ಸಿಂಹದ ಪುಸ್ತಕವನ್ನು ತಾವೇ ಆರಿಸಿಕೊಂಡು ಹೋದರು.

ಬೇಟೆಯಾಡುವುದೆಲ್ಲ ಹೆಣ್ಣು ಸಿಂಹ, ಗಂಡು ಮರದ ಕೆಳಗೆ ಮಲಗಿರುತ್ತೆ ಅನ್ನುವುದು ನಾಲ್ಕನೇ ಪುಟದಲ್ಲಿದೆ. ಅಜ್ಜ ಅಲ್ಲಿಗೆ ತಲುಪುವುದರೊಳಗೆ ನಾನು ಬಾಗಿಲು ಹಾಕಿಕೊಂಡೆ.

ತಿಮಿಂಗಿಲ

ಮುಂದಿನ ಬೇಸಿಗೆಯಲ್ಲಿ ಬ್ಯಾಂಕಿನಲ್ಲಿದ್ದ ನಮ್ಮ ಭಾವನಿಗೆ ಬೀದರ್‌ಗೆ ವರ್ಗವಾಯಿತು. ಹೊರಡುವ ಹಿಂದಿನ ಸಂಜೆ ಅಕ್ಕನ ಮಗಳನ್ನು ಸ್ಟೂಲಿನ ಮೇಲೆ ಕೂರಿಸಿ, ಬೀರುವಿನ ಅತಿ ದೊಡ್ಡ ಪುಸ್ತಕ ತೆಗೆದೆ. ತಿಮಿಂಗಿಲ. ಇದೇ ಕೊನೇ ಅವಕಾಶ ಅಂತ ಜೀವ ಬಿಟ್ಟು ಹೊಗಳಿದೆ. ಈ ತಿಮಿಂಗಿಲ ಬಂಗಾಳ ಕೊಲ್ಲಿಯಿಂದ ಹೊರಟು, ಕಾವೇರಿಯಲ್ಲಿ ಎದುರೀಜಿ, ಮೈಸೂರು ರಸ್ತೆಯ ಮೋರಿಯಲ್ಲಿ ಮೂಗು ಮುಚ್ಚಿಕೊಂಡು ನುಸುಳಿ, ಕೆಂಪಾಂಬುಧಿ ಕೆರೆಯಲ್ಲಿ ತಲೆ ಎತ್ತಿದ್ದು. ತರಗುಪೇಟೆಯ ಮೆಣಸಿನಕಾಯಿ ಮೂಟೆಗಳ ಘಾಟಿಗೆ ಒಂದು ಸೀನು ಸೀನಿದ್ದು. ಆ ಒಂದು ದಿನ ಮಾತ್ರ ಚಾಮರಾಜಪೇಟೆಯ ನಲ್ಲಿಗಳಲ್ಲಿ ಎರಡು ಹೊತ್ತೂ ನೀರು ಬಂದದ್ದು.

ಕೊನೆತನಕ ಕೇಳಿದಳು. “ಬೇಡ ಮಾವ.”

ನನಗೆ ತಡೆಯಲಾಗಲಿಲ್ಲ. ಯಾಕಮ್ಮ, ಊರಿಗೆಲ್ಲ ಬೇಕು, ನಿನಗೊಬ್ಬಳಿಗೆ ಯಾಕೆ ಬೇಡ ಅಂತ ಕೇಳಿಯೇಬಿಟ್ಟೆ.

“ನೀನು ಕಾಫಿಗೆ ಒಳಗೆ ಹೋದಾಗೆಲ್ಲ ತೆಗೆದು ನೋಡಿದೀನಿ,” ಅಂದಳು. “ಎಲ್ಲಾನೂ ಓದಿದೀನಿ. ನೀನು ಹೇಳೋದು ಒಂದರಲ್ಲೂ ಇರಲ್ಲ ಮಾವ.”

ಬೆಳಿಗ್ಗೆ ರೈಲು ಹತ್ತುವಾಗ ಆ ತಿಮಿಂಗಿಲವನ್ನು ಅವಳ ಬ್ಯಾಗಿಗೆ ಅವಳಿಗೆ ಕಾಣದ ಹಾಗೆ ತುರುಕಿದೆ. ಮುಂದಿನ ಭಾನುವಾರ ಫೋನ್ ಮಾಡಿದಳು. “ಮಾವ, ಪುಸ್ತಕ ಸಿಕ್ತು. ಬೀದರ್‌ನಲ್ಲೂ ನೋಡ್ದೆ. ಇಲ್ಲೂ ಅದು ಸುಮ್ನೆ ಸಮುದ್ರದಲ್ಲೇ ಇದೆ. ನೀನು ಹೇಳು.”

ಹೇಳಿದೆ. ಇಲ್ಲಿಗೆ ಬರತ್ತಾ ಅಂತ ಕೇಳಿದಳು. ಬರತ್ತೆ, ಬೀದರ್ ಬಸ್ಸು ಹಿಡಿಯೋಕೆ ಮೆಜೆಸ್ಟಿಕ್ಕಿಗೆ ಹೊರಟಿದೆ, ಆದರೆ ಸೀಟು ಹಿಡಿಯೋದು ಕಷ್ಟ ಅಂದೆ. ವಾರವಾರವೂ ತಿಮಿಂಗಿಲ ಸ್ವಲ್ಪ ಸ್ವಲ್ಪ ಮುಂದೆ ಸಾಗಿತು.

ಇಷ್ಟೆಲ್ಲ ಹೇಳಿದ್ದರಲ್ಲಿ ಒಂದು ಸಣ್ಣ ವಿಷಯ ಮಾತ್ರ ನಾನು ಸೇರಿಸಿದ್ದು. ಫೋನ್ ಮಾಡಿದ್ದು ಅವಳಲ್ಲ. ನಮ್ಮ ಮನೆಯಲ್ಲಿ ಆಗ ಫೋನೇ ಇರಲಿಲ್ಲ. ಪ್ರತಿ ಭಾನುವಾರ ಸ್ನಾನ ಮಾಡಿ, ಇಸ್ತ್ರಿ ಅಂಗಿ ಹಾಕಿಕೊಂಡು ಮೂಲೆಯ ಎಸ್‌ಟಿಡಿ ಬೂತಿಗೆ ಹೋಗಿ ಮಾಡುತ್ತಿದ್ದವನು ನಾನು. ಒಂದು ಭಾನುವಾರ ಜ್ವರ ಬಂದು ಮಲಗಿದ್ದೆ. ಹೊತ್ತು ಮೀರಿದ ಮೇಲೆ ಬೂತಿನವನು ಬೂತಿಗೆ ಬೀಗ ಹಾಕಿ ನಮ್ಮ ಮನೆ ಬಾಗಿಲಿಗೇ ಬಂದ.

“ಸಾರ್, ಉಪ್ಪಾರಪೇಟೆಯಲ್ಲಿ ಪೊಲೀಸ್ನೋರು ತಿಮಿಂಗಿಲಾನ ನಿಲ್ಲಿಸ್ಕೊಂಡಿದ್ರಲ್ಲ, ಬಿಟ್ರಾ? ಎದ್ದು ಬನ್ನಿ, ಮಗು ಅಲ್ಲಿ ಕಾಯ್ತಾ ಇರತ್ತೆ.”