ಅಣ್ಣ ಹೊಡೆದ ಬಣ್ಣದ ಮೇಲೇ ಬಂದು ಸಾಯುವ ಜೋಡಿಹುಳುಗಳಿಗೆ

ಮಾನ್ಯ ಜೋಡಿಹುಳು ದಂಪತಿಗಳೇ,

ಪ್ರತಿ ಮೇ ತಿಂಗಳಲ್ಲೂ ತಪ್ಪದೆ ನಮ್ಮ ಫ್ಲೋರಿಡಾಕ್ಕೆ ಬಂಧುಬಳಗ ಸಮೇತ ದಯಮಾಡಿಸಿ, ಬಾಲಕ್ಕೆ ಬಾಲ ಅಂಟಿಸಿಕೊಂಡೇ ಹೆದ್ದಾರಿಯ ಮೇಲೆ ವಿಹರಿಸುವ ತಮಗೆ ಪಾಮೆಟೊ ಬೆಂಡ್ ಊರಿನ ವೆಂಡೆಲ್ ಟಿಲ್ಲಿಸ್ ಮಾಡುವ ನಮಸ್ಕಾರಗಳು. ತಮ್ಮ ದಾಂಪತ್ಯ ಕಂಡು ನಮ್ಮೂರಿನ ಎಷ್ಟೋ ಗಂಡಹೆಂಡಿರು ನಾಚಬೇಕು. ಸಾಯುವಾಗಲೂ ಕೈಬಿಡದೆ ಒಟ್ಟಿಗೇ ಸಾಯುತ್ತೀರಿ. ಅದಕ್ಕೆ ನನ್ನ ಪಿಕಪ್ಪಿನ ಬಾನೆಟ್ಟೇ ಏಕೆ ಬೇಕು ಎಂಬುದಷ್ಟೇ ನನ್ನ ತಕರಾರು.

ಆ ಬಾನೆಟ್ಟಿಗೆ ತಿಳಿ ಹಳದಿ ಬಣ್ಣ ಹೊಡೆದವನು ನನ್ನ ಅಣ್ಣ ಹೋರೇಸ್. ಕಣ್ಣು ಪೂರ್ತಿ ಹೋಗುವ ಮುಂಚೆ ಅವನು ಬಣ್ಣ ಹೊಡೆದ ಕಡೆಯ ಗಾಡಿ ಅದು. ಈಗಲೂ ಭಾನುವಾರ ಚರ್ಚಿಗೆ ಹೊರಡುವಾಗ, ಗಾಡಿ ಹತ್ತುವ ಮೊದಲು ಅಂಗೈಯಿಂದ ಬಾನೆಟ್ ಸವರಿ, "ಇದೆ ಕಣೋ, ಹಾಗೇ ಇದೆ" ಅನ್ನುತ್ತಾನೆ. ತಾವೋ ಅದಕ್ಕೆ ಬಡಿದು ಸತ್ತು ಬಿಸಿಲಲ್ಲಿ ಒಂದು ದಿನ ಒಣಗಿದರೆ ಸಾಕು, ಬಣ್ಣವನ್ನೇ ತಿಂದುಹಾಕುತ್ತೀರಿ. ಅವನ ಅಂಗೈಗೆ ಒಂದು ಸಣ್ಣ ಗುಳಿ ಸಿಕ್ಕರೂ ನನ್ನಿಂದ ತಡೆಯಲಾಗದು.

ಆದ್ದರಿಂದ ಬಾನೆಟ್ಟಿನ ಮುಂದಂಚಿಗೆ ಕೂರಿಸುವ, ತಮ್ಮನ್ನು ಗಾಳಿಯ ಜೊತೆ ಗೌರವಪೂರ್ವಕವಾಗಿ ಮೇಲಕ್ಕೆ ಸಾಗಹಾಕುವ, ಕಪ್ಪು ಪ್ಲಾಸ್ಟಿಕ್ಕಿನ ಹುಳುತಡೆಯೊಂದನ್ನು ತಂದೆ. ಕೂರಿಸುವ ಮೊದಲು ಅಂಚನ್ನು ಶುಚಿ ಮಾಡಬೇಕಿತ್ತು. ಮಾಡಿದೆ, ನಮ್ಮಲ್ಲಿ ತಮ್ಮ ಪಾರ್ಥಿವ ಶರೀರಗಳನ್ನು ಎಲ್ಲರೂ ಯಾವುದರಿಂದ ಉಜ್ಜುತ್ತಾರೋ ಅದರಿಂದಲೇ. ಅಂದರೆ ಬಟ್ಟೆ ಒಣಗಿಸುವ ಯಂತ್ರಕ್ಕೆ ಹಾಕುವ ಸುವಾಸನೆಯ ಹಾಳೆಯನ್ನು ಒದ್ದೆ ಮಾಡಿಕೊಂಡು. ಬಾನೆಟ್ ಮದುವೆಮನೆಯ ಹಾಗೆ ಘಮಘಮಿಸಿತು. ಆ ಹಾಳೆ ಮೇಣದಂಥ ಜಿಡ್ಡು ಬಿಡುತ್ತದೆಂದು ನನ್ನ ಮಂಡೆಗೆ ಹೊಳೆಯಲಿಲ್ಲ. ಹುಳುತಡೆಯ ಅಡಿಗೆ ಅಂಟಿಸಿದ ರಬ್ಬರ್ ಮೆತ್ತೆಗಳು ಜಾರಿದವು, ಸಂದಿಯಲ್ಲಿ ಮರಳು ಸೇರಿತು, ಹುಳುತಡೆ ದಾರಿಯುದ್ದಕ್ಕೂ ಗಡಗಡ ನಡುಗುತ್ತ ಬಣ್ಣ ಕೆರೆಯಿತು. ತಮ್ಮಿಂದ ಇಷ್ಟು ವರ್ಷ ಮಾಡಲಾಗದ್ದನ್ನು ನಾನು ಒಂದೇ ವಾರದಲ್ಲಿ ಮಾಡಿ ಮುಗಿಸಿದೆ.

ಭಾನುವಾರ ಹೋರೇಸನ ಕೈ ಬಾನೆಟ್ ಸವರುತ್ತ ಹುಳುತಡೆಯ ಅಡಿಗೆ ಹೋಗಿ ಅಲ್ಲೇ ನಿಂತಿತು.

"ಏನೋ ಇದು, ವೆಂಡೆಲ್? ಹುಳ ಕೂತಿದ್ರೆ ತೊಳ್ಕೋಬಹುದಿತ್ತು. ಕಾಪಾಡ್ತೀನಿ ಅಂತ ಹೋಗಿ ನೀನೇ ಕೆರೆದಿದ್ದೀಯಲ್ಲೋ."

ಭೂಮಿ ಬಾಯಿಬಿಟ್ಟು ನುಂಗಬಾರದೇ ಅನ್ನಿಸಿತು. ಅವನು ಬಗ್ಗಿ ಬಾನೆಟ್ ಮೂಸಿ ನೋಡಿದ. "ಆ ಬಟ್ಟೆ ಹಾಳೆಲಿ ಉಜ್ಜಿದ್ಯಾ? ಪೆದ್ದ. ಸೋಪುನೀರಲ್ಲಿ ತೊಳೀಬೇಕು, ಸ್ಪಿರಿಟ್ಟಲ್ಲಿ ಒರೆಸ್ಬೇಕು. ಮೆತ್ತೆ ಕೂರೋ ಕಡೆಯೆಲ್ಲ ಬಣ್ಣದ ಮೇಲೆ ಮೊದ್ಲು ತೆಳು ಪ್ಲಾಸ್ಟಿಕ್ ಹಾಳೆ ಅಂಟಿಸ್ಬೇಕು. ಹುಳುತಡೆ ಬಾನೆಟ್ಟಿಗೆ ತಾಗಬಾರ್ದು, ನೀರು ಹಾಯಿಸಿದ್ರೆ ಮರಳು ಹೊರಗೆ ಹೋಗೋಷ್ಟು ಸಂದಿ ಇರ್ಬೇಕು. ತಿರುಪು ಕೈಯಲ್ಲಿ ಬಿಗಿದ್ರೆ ಸಾಕು. ಅದೆಲ್ಲ ಆಮೇಲೆ. ಈಗ ಇದನ್ನ ಬಿಚ್ಚು, ಹಳೇ ಬಣ್ಣದ ಡಬ್ಬಿ ತಗೊಂಬಾ."

ಚರ್ಚು ತಪ್ಪಿತು. ಎಡಗೈ ಬೆರಳಿನಿಂದ ಗೀರು ಹುಡುಕುತ್ತ, ಬಲಗೈಯ ಸಣ್ಣ ಕುಂಚದಿಂದ ಬಣ್ಣ ಮುಟ್ಟಿಸುತ್ತ ಹೋದ. ಎಷ್ಟೋ ವರ್ಷಗಳ ಮೇಲೆ ಅವನು ಸಿಳ್ಳೆ ಹಾಕಿದ್ದು ಕೇಳಿದೆ. ಒಂದೆರಡು ಕಡೆ ಬಣ್ಣ ಗೀರು ಬಿಟ್ಟು ಪಕ್ಕಕ್ಕೆ ಹರಿದಿತ್ತು.

"ಸರಿಯಾಯ್ತೇನೋ?"

"ಹೊಸದರ ಹಾಗಿದೆ, ಅಣ್ಣಾ."

ಅವನು ಹೇಳಿದ ಹಾಗೆ ಕೂರಿಸಿದರೆ ಹುಳುತಡೆಯಿಂದ ಬಣ್ಣಕ್ಕೇನೂ ಆಗದೆಂದು ಬಲ್ಲೆ. ಆದರೆ ಅದು ಆ ಕುಂಚದ ಗುರುತುಗಳನ್ನು ಮುಚ್ಚಿಬಿಡುತ್ತದೆ, ಮುಚ್ಚಲು ನನಗೆ ಮನಸ್ಸಿಲ್ಲ. ಆದಕಾರಣ ಬಾನೆಟ್ಟನ್ನು ಬರಿಯ ಮೈಯಲ್ಲೇ ತಮ್ಮ ದಯೆಗೆ ಒಪ್ಪಿಸಿ ಬೇಡಿಕೊಳ್ಳುವುದೇನೆಂದರೆ, ತಾವು ನನ್ನ ಗಾಡಿಯ ಬಳಿ ಬಂದಾಗ ರಸ್ತೆಯ ಬದಿ ಇಳಿದು ದಯವಿಟ್ಟು ನಡೆದು ದಾಟಬೇಕು. ಪ್ರಾಣ ಬಿಡಲೇಬೇಕೆಂದಿದ್ದರೆ ಕೂಡಲೇ ತೊಳೆಯಲು ಅನುಕೂಲವಾಗುವಂತೆ ನನ್ನ ಮನೆಯ ನಲ್ಲಿಯ ಪಕ್ಕದಲ್ಲಿ, ಬೆಳಗಿನ ನೆರಳಿನಲ್ಲಿ ಬಿಡಬೇಕು. ಭಾನುವಾರ ಮಾತ್ರ ಯಾವ ಕಾರಣಕ್ಕೂ ಬಿಡಕೂಡದು.

ಅಣ್ಣನ ಅಂಗೈಗೆ ಸಿಗದಿರುವವರೆಗೆ,
ತಮ್ಮ ವಿಶ್ವಾಸಿ,
ವೆಂಡೆಲ್ ಟಿಲ್ಲಿಸ್

ವಿ.ಸೂ.: ಚರ್ಚು ತಪ್ಪಿಸಿದ್ದಕ್ಕೆ ನನ್ನನ್ನು ಬೈದ ಪಾಸ್ಟರ್ ಮಗ್ಗಿನ್ಸ್ ಅವರಿಗೆ ಆ ಹುಳುತಡೆಯನ್ನು ಕೂರಿಸಿಕೊಡುತ್ತೇನೆಂದೆ. "ಬೇಡಪ್ಪ, ಅವೂ ದೇವರ ಮಕ್ಕಳೇ" ಎಂದರು. ಅವರದು ಹೊಚ್ಚ ಹೊಸ ಬಿಳಿ ಕಾರು, ಭಾನುವಾರ ಬೆಳಿಗ್ಗೆ ನನ್ನ ಗಾಡಿಗಿಂತ ಸ್ವಲ್ಪ ಮುಂದೆ ಹೆದ್ದಾರಿಯಲ್ಲಿರುತ್ತದೆ. ಮಕ್ಕಳು ಸಂಕೋಚಪಡಬಾರದು.