ಕನ್ನಡ ಬಾರದ ನಾಯಿ

ನಾನು ಮಾತಾಡುವುದೇ ಕಡಿಮೆ. ಆಡಿದ ಅಷ್ಟಿಷ್ಟರಲ್ಲೂ ಒಂದಾದರೂ ಎಡವಟ್ಟಾಗದೆ ಇರುವುದಿಲ್ಲ. ಹೊಳಲ್ಕೆರೆಯಿಂದ ಹಿರಿಯೂರಿಗೆ ಶಾಲೆಯಲ್ಲಿ ಇಂಗ್ಲಿಷ್ ಕಲಿಸಲು ಬಂದು, ಮಾಳಿಗೆ ಮೇಲೆ ರೂಮು ಹಿಡಿದ ಮೇಲಂತೂ ಎಡವಟ್ಟುಗಳೆಲ್ಲ ಒಂದು ನಾಯಿಯ ಸುತ್ತಲೇ ಆಗಿವೆ.

ಇಂಗ್ಲಿಷ್ ಮೀಡಿಯಂ

ಕೆಳಗಿನ ಮನೆಯ ಓನರ್ ತೆಂಗಿನಕಾಯಿ ವ್ಯಾಪಾರಿ. ಅಂಗಳದಲ್ಲಿ ಕಾಯಿ ಶೆಡ್ಡಿನ ಕಂಬಕ್ಕೆ ಒಂದು ಕಂದು ನಾಯಿಯನ್ನು ಗಿಡ್ಡ ಸರಪಳಿಯಲ್ಲಿ ಕಟ್ಟಿದ್ದರು. ಬೆಳಗಿನ ನೆರಳು ಸರಿದರೆ ಸಂಜೆವರೆಗೂ ಬಿಸಿಲೇ. ಸರಪಳಿ ಎಟುಕಿದಷ್ಟು ದೂರ ನೆಲ ಸವೆದು, ಕಣ ಮಾಡಿದ ಹಾಗೆ ದುಂಡಗಾಗಿತ್ತು.

ಮನೆಯವರು ತಮ್ಮತಮ್ಮಲ್ಲಿ ಕನ್ನಡ ಮಾತಾಡುತ್ತಿದ್ದರು. ನಾಯಿಗೆ ಮಾತ್ರ "ಸಿಟ್", "ಗೋ", "ನೋ". ಮೊದಲ ದಿನ ನಾನು "ಏನೋ ಪುಟ್ಟ" ಅಂದಾಗ ಓನರ್ ತಡೆದರು.

"ಅದಕ್ಕೆ ಕನ್ನಡ ಬರಲ್ಲ ಮಿಸ್. ಇಂಗ್ಲಿಷ್ನಾಗೆ ಮಾತಾಡ್ರಿ."

ಮಾತಾಡಿದೆ. ದಿನಾ ಮಾತಾಡಿದೆ. ಶಾಲೆ ಹೇಗಿತ್ತು, ರಾತ್ರಿ ಊಟಕ್ಕೇನು, ಎಲ್ಲ. ಇನ್ಯಾರೂ ಕೇಳುವವರಿರಲಿಲ್ಲ. ಒಂದು ಸಂಜೆ ಪಕ್ಕದ ಮನೆಯಾಕೆ ಓನರ್ ಹೆಂಡತಿಯನ್ನು ವಿಚಾರಿಸಿದ್ದು ಕೇಳಿಸಿತು: "ನಾಯಿಗೆ ಟ್ಯೂಶನ್ ಇಕ್ಸಿದೀರೇನಕ್ಕ?"

ಬಿಡಿ

ಬೇಸಿಗೆ ಬಂತು. ಬಿಸಿಲು ಏರಿದಂತೆ ನಾಯಿ ಬೊಗಳುವುದನ್ನೂ ನಿಲ್ಲಿಸಿ ನಾಲಿಗೆ ಚಾಚಿ ಮಲಗುತ್ತಿತ್ತು. ಅದನ್ನು ಬಿಚ್ಚಿ ಬಿಡಿ ಅಂತ ಹೇಳಬೇಕು. ರೂಮಿನಲ್ಲಿ ಕನ್ನಡಿ ಮುಂದೆ ಎಷ್ಟೋ ಸಲ ಹೇಳಿ ನೋಡಿಕೊಂಡು ಕೆಳಗಿಳಿದೆ. ಓನರ್ ಜಗಲಿ ಮೇಲೆ ಕೂತು, ಹೈವೇ ಬಸ್ಸುಗಳು ಊರೊಳಗೆ ಬರದೆ ಹೊರಗಿಂದಲೇ ಹೋಗುವ ಅನ್ಯಾಯವನ್ನು ವಿವರಿಸುತ್ತಿದ್ದರು. ನಿಲ್ಲಿಸುವ ಲಕ್ಷಣವಿರಲಿಲ್ಲ. ಕಣ್ಣು ಮುಚ್ಚಿ ಅಂದುಬಿಟ್ಟೆ: "ಅಂಕಲ್, ಅದನ್ನ ಬಿಡಿ."

ಅವರು ಬಾಯಿ ಮುಚ್ಚಿದರು.

"ಅದಲ್ಲ ಅಂಕಲ್, ಬಿಡಿ ಅಂದ್ರೆ..."

"ಬಿಟ್ಟೆ ಬಿಡ್ರಿ ಮಿಸ್," ಎಂದು ಎದ್ದು ಒಳಗೆ ಹೋದರು.

ಅವರ ಹೆಂಡತಿ ಟೀ ಹಿಡಿದು ಹೊರಗೆ ಬಂದವರು ನನ್ನ ಪಕ್ಕ ಕೂತು ಮೆಲ್ಲಗೆ ಕೇಳಿದರು: "ಮದುವೆ ಆದಾಗಿಂದ ನಾನೂ ಅದೇ ಹೇಳ್ತಾ ಇದೀನಿ, ಒಂದ್ಸಲನೂ ನಿಲ್ಸಿಲ್ಲ. ನೀವು ಹೆಂಗ್ ಹೇಳಿದ್ರಿ?"

ಕಂಪ್ಲೇಂಟು

ಎದುರಿಗೆ ಹೇಳಲಾಗದ್ದನ್ನು ಫೋನಿನಲ್ಲಿ ಹೇಳೋಣವೆಂದು ನಗರಸಭೆಯ ನಾಯಿ ಹಿಡಿಯುವವರ ನಂಬರಿಗೆ ಮಾಡಿದೆ.

"ಕಚ್ಚೈತಾ?" ಅಂದಿತು ಗಂಡು ದನಿ.

"ಇಲ್ಲ ಸರ್."

"ಅಟ್ಟಿಸ್ಕೊಂಡು ಬರುತ್ತಾ?"

"ಕಟ್ಟಿ ಹಾಕಿದಾರೆ ಸರ್. ಹಗಲೆಲ್ಲ ಬಿಸಿಲು. ಯಾರೂ ಹತ್ರ ಹೋಗಲ್ಲ. ತುಂಬಾ ಒಂಟಿ."

ಅವರು ವಿಳಾಸ ಬರೆದುಕೊಂಡರು. "ಮನೇಲಿ ಯಾರ್ಯಾರು ಇದೀರಿ?"

"ನಾನೊಬ್ಬಳೇ."

ಆ ಕಡೆಯ ದನಿ ಮೆತ್ತಗಾಯಿತು. "ಮೇಡಂ, ನಾವು ನಾಯಿದು ನೋಡ್ತೀವಿ. ನೀವು ಊರಿಗೆ ಒಂದು ಫೋನ್ ಮಾಡ್ರಿ, ಅಮ್ಮನ ಹತ್ರ ಮಾತಾಡ್ರಿ."

ಬಾಡಿಗೆ ನಿಯಮ

ಭಾನುವಾರ ನಾಯಿ ಹಿಡಿಯುವ ಗಾಡಿ ಬಂತು. ಖಾಕಿ ಅಂಗಿಯವರೊಬ್ಬರು ಬಲೆ ಹಿಡಿದು ಇಳಿದು, ಕಂಬದ ಸುತ್ತ ನೋಡಿ, ಬಲೆ ಕೆಳಗಿಟ್ಟರು.

"ಕಟ್ಟಿದ ನಾಯಿ ನಾವು ಹಿಡಿಯಂಗಿಲ್ಲ ಯಜಮಾನ್ರೆ. ಆದ್ರೆ ನೆರಳಿಲ್ಲ, ನೀರಿಲ್ಲ. ಹಿಂಗೆ ಕಟ್ಟಂಗೂ ಇಲ್ಲ."

"ಬಿಚ್ಚಿದ್ರೆ ಓಡೋಗ್ತದೆ ಸ್ವಾಮಿ. ಬೇಕಾದ್ರೆ ನೋಡ್ರಿ," ಎಂದು ಓನರ್ ಸರಪಳಿ ಕಳಚಿದರು.

ನಾಯಿ ಎದ್ದಿತು. ಸವೆದ ನೆಲದ ಅಂಚಿನವರೆಗೆ ಬಂದು, ಅಲ್ಲಿಗೇ ನಿಂತಿತು. ಸರಪಳಿ ಇಲ್ಲದಿದ್ದರೂ ನಿಂತಿತು.

ನಾನು ಮೆಟ್ಟಿಲ ಮೇಲಿದ್ದೆ. ಏನಾದರೂ ಅನ್ನಬೇಕಿತ್ತು, ಇಂಗ್ಲಿಷೂ ಬರಲಿಲ್ಲ, ಕನ್ನಡವೂ ಬರಲಿಲ್ಲ. ಕೈ ಚಾಚಿದೆ, ಅಷ್ಟೇ. ಅದು ಒಂದು ಕಾಲು ಆಚೆಗಿಟ್ಟಿತು, ಇನ್ನೊಂದು ಇಟ್ಟಿತು, ಆಮೇಲೆ ನನ್ನನ್ನೂ ದಾಟಿ ದಡದಡ ಮೆಟ್ಟಿಲು ಹತ್ತಿ ನನ್ನ ರೂಮಿನ ಚಾಪೆ ಮೇಲೆ ಬಿದ್ದುಕೊಂಡಿತು.

ನಾನು ಹಿಂದೆಯೇ ಹೋದೆ; ಓನರ್ ಮತ್ತು ಖಾಕಿಯವರೂ ಬಂದು ಬಾಗಿಲಲ್ಲಿ ನಿಂತರು. "ಮಿಸ್, ಬಾಡಿಗೆಯೋರು ನಾಯಿ ಇಟ್ಕಳಂಗಿಲ್ಲ ಅಂತ ಮೊದ್ಲೇ ಹೇಳಿದ್ದೆ."

"ಅದು ನಿಮ್ದೇ ನಾಯಿ ಅಲ್ಲೇನ್ರಿ?" ಅಂದರು ಖಾಕಿಯವರು.

"ನಂದೇ. ಆದ್ರೆ ರೂಲ್ಸು ರೂಲ್ಸೇ."

"ಹಂಗಾದ್ರೆ ಕೆಳಗೆ ಕರ್ಕೊಂಡು ಹೋಗಿ ಮತ್ತೆ ಕಟ್ತೀರಾ? ನಾನು ಗಾಡೀಲಿ ಕುಂತು ನೋಡ್ತೀನಿ."

ಓನರ್ ನಾಯಿಯನ್ನು ನೋಡಿದರು. ಅದು ಫ್ಯಾನಿನ ಕೆಳಗೆ ನಿದ್ದೆ ಹೋಗಿತ್ತು. ಕೈಲಿದ್ದ ಸರಪಳಿಯನ್ನು ಮಡಚಿ ಖಾಕಿಯವರಿಗೆ ಕೊಟ್ಟರು.

"ಆತು, ಇರ್ಲಿ," ಎಂದು ನನ್ನ ಕಡೆ ತಿರುಗಿ ಬೆರಳೆತ್ತಿದರು. "ಆದ್ರೆ ಮಿಸ್, ಇದೊಂದೇ. ಇನ್ನು ಮುಂದೆ ಹಿಂಗೆ ಯಾರ್ಯಾರೋ ಬಂದು ಹೋಗೋದು ನಡೆಯಲ್ಲ."

ಆ ರೂಮಿಗೆ ಅಲ್ಲಿಯವರೆಗೆ ಬಂದಿದ್ದ ಅತಿಥಿಯೆಂದರೆ ಆ ನಾಯಿ ಒಂದೇ. ಆದರೂ ನಾನು ತಗ್ಗಿಬಗ್ಗಿ, "ಸರಿ ಅಂಕಲ್, ಎಲ್ಲರಿಗೂ ಹೇಳ್ತೀನಿ" ಅಂದೆ.